ಪಂಪಣ್ಣ ನಂಬರ್ ಒನ್

ಕೆಂಭಾವಿಯ ಸಂತೆ ಬೀದಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಪಂಪಣ್ಣನಿಗೆ ದೇವರು ಕೈತುಂಬ ಕೊಟ್ಟಿದ್ದ. ಎರಡಂತಸ್ತಿನ ಮನೆ ಕೊಟ್ಟಿದ್ದ, ಹತ್ತು ಹಳ್ಳಿಯ ಗಿರಾಕಿಗಳನ್ನು ಕೊಟ್ಟಿದ್ದ, ಕೂತರೆ ಕುರ್ಚಿ ತುಂಬುವಂಥ ಮೈ ಕೊಟ್ಟಿದ್ದ, ಇದೆಲ್ಲವನ್ನೂ ಸಹಿಸಿಕೊಳ್ಳಲು ಗೊಲ್ಲಾಳಮ್ಮನಂಥ ಹೆಂಡತಿಯನ್ನೂ ಕೊಟ್ಟಿದ್ದ. ಕೊಡದೆ ಉಳಿಸಿಕೊಂಡದ್ದು ಒಂದೇ ಒಂದು. ಯಾವ ಬೀಜದ ಚೀಲದ ಮೇಲೂ ಪಂಪಣ್ಣನ ಹೆಸರಿರಲಿಲ್ಲ.

ಇಪ್ಪತ್ತೆರಡು ವರ್ಷ ಅವನು ಮಂದಿಯ ಹೆಸರಿನ ಚೀಲ ಮಾರಿದ್ದ. ಹತ್ತಿ ಬೀಜದ ಪೊಟ್ಟಣದ ಮೇಲೆ ಯಾರದೋ ಮೀಸೆ, ಮೆಕ್ಕೆಜೋಳದ ಚೀಲದ ಮೇಲೆ ಇನ್ಯಾರದೋ ನಗು. ಅಂಗಡಿ ಮುಚ್ಚುವ ಮುಂಚೆ ಆ ಮುಖಗಳನ್ನೆಲ್ಲ ಒಂದು ಸುತ್ತು ದುರುಗುಟ್ಟಿ ನೋಡಿ ಮನೆಗೆ ಬರುತ್ತಿದ್ದ.

“ಇವರೆಲ್ಲರ ಮಾರಿ ನನಗಿಂತ ಚಂದ ಐತೇನು?” ಎಂದು ಊಟಕ್ಕೆ ಕೂತಾಗ ಕೇಳುತ್ತಿದ್ದ.

ಗೊಲ್ಲಾಳಮ್ಮ ರೊಟ್ಟಿ ಬಡಿಯುತ್ತಲೇ “ಮಾರಿ ಬಿತ್ತತಾರೇನ್ರಿ? ಬೀಜ ಬಿತ್ತತಾರ. ಉಣ್ರಿ ಸುಮ್ಮ” ಎನ್ನುತ್ತಿದ್ದಳು.

ಪಂಪಣ್ಣ ಉಣ್ಣುತ್ತಿದ್ದ, ಆದರೆ ಸುಮ್ಮನಿರುತ್ತಿರಲಿಲ್ಲ. ತನ್ನ ಹೆಸರಿನ ಒಂದು ತಳಿ, ತನ್ನ ಫೋಟೋದ ಒಂದು ಚೀಲ, ಇಷ್ಟು ನೋಡಿಯೇ ಕಣ್ಣು ಮುಚ್ಚಬೇಕೆಂದು ಹಟ ಹಿಡಿದಿದ್ದ.

ತೊಗರಿ, ಹತ್ತಿಯ ಈ ಸೀಮೆಗೆ ಸೋಯಾ ಹೊಸ ಬೆಳೆ. ಬಂದು ನಾಲ್ಕಾರು ವರ್ಷವಾಗುವುದರೊಳಗೆ ತನ್ನ ಕೆಟ್ಟ ಚಾಳಿ ತೋರಿಸಿಬಿಟ್ಟಿತ್ತು. ಕಾಯಿ ಒಣಗಿದ ಮೇಲೆ ಕೊಯ್ಲು ನಾಲ್ಕು ದಿನ ತಡವಾಯಿತೋ, ಮಧ್ಯಾಹ್ನದ ಬಿಸಿಲಿಗೆ ಚಟಚಟ ಸಿಡಿದು ಕಾಳೆಲ್ಲ ನೆಲದ ಪಾಲು. ಕೂಲಿಯಾಳು ಸಿಗದ ರೈತ ಬದುವಿನ ಮೇಲೆ ಕೂತು ತನ್ನ ಬೆಳೆ ಹಾರಿಹೋಗುವ ಸಪ್ಪಳ ಕೇಳಬೇಕು. ಅದಕ್ಕೇ ಹೈದರಾಬಾದಿನ ಒಂದು ಬೀಜದ ಕಂಪನಿ ಕೆಂಭಾವಿಯಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಎಂಟೆಕರೆ ಹಿಡಿದು, ಸಿಡಿಯದ ಸೋಯಾ ಹುಟ್ಟಿಸುವ ಪ್ರಯೋಗ ಶುರುಮಾಡಿತ್ತು. ಉಸ್ತುವಾರಿ ಕಸ್ತೂರಿಯದು. ಶಹಾಪುರದವಳು, ಕೃಷಿ ಓದಿದವಳು, ದಿನಾ ಸ್ಕೂಟಿಯ ಮೇಲೆ ಬರುತ್ತಿದ್ದಳು. ಕೈಕೆಲಸ ಹತ್ತು ಹೆಣ್ಣಾಳುಗಳದು. ಅವರಿಗೆ ಮುಂದಾಳು ತಿಮ್ಮವ್ವ. ಸಾಸಿವೆಕಾಳಿಗಿಂತ ಚೂರು ದೊಡ್ಡದಾದ ಸೋಯಾ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಒಂದು ಗಿಡದ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುವುದರಲ್ಲಿ ಆಕೆಯದು ಎತ್ತಿದ ಕೈ.

ಒಂದು ದಿನ ಹುಳದ ಔಷಧಿಗೆಂದು ಕಸ್ತೂರಿ ಅಂಗಡಿಗೆ ಬಂದಾಗ ಪಂಪಣ್ಣ ಚಹಾ ತರಿಸಿದ. ಪಂಪಣ್ಣ ಚಹಾ ತರಿಸಿದನೆಂದರೆ ಏನೋ ಬೇಕಾಗಿದೆ ಎಂದು ಕೆಂಭಾವಿಯ ನಾಯಿಗೂ ಗೊತ್ತು. ಕಸ್ತೂರಿಗೆ ಗೊತ್ತಿರಲಿಲ್ಲ.

“ಅಲ್ರಿ ಮೇಡಂ, ಗಿಡ ಇನ್ನಾ ಗೇಣುದ್ದ ಇರುವಾಗ ಎಲಿಗೆ ತೂತು ಹೊಡದು ಕಳಸಾಕತ್ತೀರಂತ. ಎಲ್ಯಾಗ ಏನೈತ್ರಿ?”

“ಆ ಎಲಿ ಚೂರು ಲ್ಯಾಬಿಗೆ ಹೋಗತೈತ್ರಿ. ಕಾಯಿ ಸಿಡೀತಾವೋ ಇಲ್ಲೋ ಅನ್ನೋದು ಗಿಡದ ಡಿಎನ್‌ಎದಾಗ ಬರದಿರತೈತಿ. ಅದರ ಪಕ್ಕದಾಗ ಒಂದು ಗುರುತು ಇರತೈತಿ. ಆ ಗುರುತು ಇದ್ದ ಗಿಡ ಇಟಗೋತೀವಿ, ಇಲ್ಲದ್ದು ಕಿತ್ತೊಗೀತೀವಿ. ಕಾಯಿ ಆಗೂತನಾ ದಾರಿ ಕಾಯೋದ ಬ್ಯಾಡ.”

“ಅಂದ್ರ ಕೂಸು ತೊಟ್ಟಿಲದಾಗ ಇರುವಾಗನ ಮುಂದ ಜಗಳಗಂಟ ಆಗತಾನ ಅಂತ ಹೇಳಿದಂಗ!”

“ಹಂಗ ಅನ್ಕೋರಿ” ಎಂದು ಕಸ್ತೂರಿ ನಕ್ಕಳು.

ಪಂಪಣ್ಣನೂ ನಕ್ಕ, ಆದರೆ ಅವನ ತಲೆ ಆಗಲೇ ಎಂಟೆಕರೆಯ ಬೇಲಿ ದಾಟಿತ್ತು. ಗುರುತು ಇದ್ದ ನಾಲ್ಕು ಗಿಡದ ಕಾಯಿ ಸಿಕ್ಕರೆ ಸಾಕು. ತಳಿ ಕಂಪನಿಯದಾದರೇನು, ಚೀಲ ತನ್ನದು.

ತೊಂದರೆ ಒಂದೇ. ಹೊಲದಲ್ಲಿ ಪ್ರತಿ ಗಿಡದ ಬುಡಕ್ಕೂ ತಗಡಿನ ಚೀಟಿ, ಚೀಟಿಯ ಮೇಲೆ ಬರೀ ನಂಬರು. ಯಾವ ನಂಬರಿನ ಗಿಡಕ್ಕೆ ಗುರುತಿದೆ ಎಂಬ ಪಟ್ಟಿ ಕಸ್ತೂರಿಯ ಮೊಬೈಲಿನಲ್ಲಿ. ಮೊಬೈಲು ಕದಿಯುವಷ್ಟು ಕೆಟ್ಟವನೇನಲ್ಲ ಪಂಪಣ್ಣ. ಕಾಯಿ ಕದಿಯುವಷ್ಟು ಮಾತ್ರ.

ಅಷ್ಟರಲ್ಲಿ ಶೀಗಿ ಹುಣ್ಣಿಮೆ ಬಂತು. ಕಾಯಿ ತುಂಬಿ ನಿಂತ ಪೈರನ್ನು ಬಸುರಿ ಎಂದು ತಿಳಿದು ಸೀಮಂತ ಮಾಡುವ ದಿನ ಅದು. ಐದು ಗಿಡ ಆರಿಸಿ, ಹಸಿರು ದಾರ ಕಟ್ಟಿ, ಹಸಿರು ಬಳೆ ಇಟ್ಟು, ಕುಪ್ಪಸದ ಕಣ ಏರಿಸಿ, ಕಡುಬು ಪಲ್ಯ ಎಡೆ ಮಾಡಿ, ಉಳಿದದ್ದನ್ನು ಹೊಲದ ತುಂಬ ಚರಗ ಚೆಲ್ಲುತ್ತಾರೆ. ಚರಗ ಹಿಡಿದು ಬಂದವರನ್ನು ಅಂದು ಯಾರೂ ಯಾವ ಹೊಲದಿಂದಲೂ ಹೊರಗೆ ಹಾಕುವುದಿಲ್ಲ. ಬುಟ್ಟಿ ಹೊತ್ತು ಕಂಪನಿಯ ಹೊಲಕ್ಕೆ ಬಂದ ಪಂಪಣ್ಣನನ್ನು ಕಾವಲುಗಾರ ಕೈಮುಗಿದೇ ಒಳಗೆ ಬಿಟ್ಟ.

ಹೆಂಗಸರು ಪೂಜೆ ಮುಗಿಸಿ ಬೇವಿನ ಮರದ ಕೆಳಗೆ ಊಟಕ್ಕೆ ಕೂತಿದ್ದರು. ಪಂಪಣ್ಣ ಚರಗ ಚೆಲ್ಲುತ್ತ ಸಾಲಿನಿಂದ ಸಾಲಿಗೆ ನಡೆದ. ನಂಬರು, ನಂಬರು, ಬರೀ ನಂಬರು. ಬಡಗಣ ಮೂಲೆಗೆ ಬಂದಾಗ ಕಾಲು ತಾನಾಗಿ ನಿಂತಿತು. ಅಲ್ಲಿ ಐದು ಗಿಡಗಳು ಹಸಿರು ದಾರ ಕಟ್ಟಿಸಿಕೊಂಡು, ಬಳೆ ಇಡಿಸಿಕೊಂಡು, ಕುಂಕುಮ ಹಚ್ಚಿಸಿಕೊಂಡು ಮದುಮಗಳಂತೆ ನಿಂತಿದ್ದವು. ಕಾಯಿ ಹಳದಿಗೆ ತಿರುಗಿದ್ದವು.

ಬೇರೆ ಸೀಮೆಯ ಕಳ್ಳನಾಗಿದ್ದರೆ ಇದನ್ನು ನೋಡಿ ಮುಂದೆ ಹೋಗುತ್ತಿದ್ದ. ಪಂಪಣ್ಣ ಈ ಮಣ್ಣಿನವನು. ಹುಣ್ಣಿಮೆಯ ದಾರ ಬೀಳುವುದು ಹೊಲದ ಅತ್ಯುತ್ತಮ ಗಿಡಕ್ಕೇ ಎನ್ನುವುದು ಅವನ ಅಜ್ಜ ಕಂಡದ್ದು, ಅಪ್ಪ ಕಂಡದ್ದು. ಕಂಪನಿಯ ಹೊಲದಲ್ಲಿ ಅತ್ಯುತ್ತಮ ಎಂದರೆ ಯಾವುದು? ಗುರುತು ಇದ್ದದ್ದು. ತಿಮ್ಮವ್ವ ತನಗೆ ಗೊತ್ತಿಲ್ಲದೆಯೇ ಪಟ್ಟಿಯನ್ನು ದಾರದಲ್ಲಿ ಬರೆದಿಟ್ಟಿದ್ದಾಳೆ ಎಂದು ಅವನಿಗೆ ನಗು ತಡೆಯಲಾಗಲಿಲ್ಲ. ಕೈಮುಗಿದು ಕೂತ. ಕೂತವನ ಕೈ ಮಾತ್ರ ಸುಮ್ಮನೆ ಕೂರಲಿಲ್ಲ. ಏಳುವಾಗ ಐದೂ ಗಿಡ ಬೋಳಾಗಿದ್ದವು, ಬುಟ್ಟಿ ತುಂಬಿತ್ತು, ಮೇಲೆ ಬಾಳೆ ಎಲೆ ಮುಚ್ಚಿತ್ತು.

ಕಾಯಿ ಒಣಗಿಸಿ, ಜನವರಿಯಲ್ಲಿ ಮನೆಯ ಹಿತ್ತಿಲಲ್ಲಿ, ಬೋರಿನ ನೀರು ನಂಬಿ ಬಿತ್ತಿದ. ಕಳೆ ತೆಗೆದು ನೀರು ಹಾಯಿಸಿದ್ದು ಗೊಲ್ಲಾಳಮ್ಮ. ಏಪ್ರಿಲ್‌ನಲ್ಲಿ ಕಾಯಿ ಇನ್ನೂ ಅರೆಹಸಿ ಇರುವಾಗಲೇ, ಕೋತಿಗಳ ಕಾಟಕ್ಕೆ, ಆಕೆ ಗಿಡ ಕೊಯ್ದು ಮಾಳಿಗೆಗೆ ಸಾಗಿಸಿ ಹಳೆ ಸೀರೆ ಹೊದಿಸಿ ಒಣಗಲು ಹಾಕಿದಳು. ಮೂರನೆಯ ದಿನ ಸೀರೆ ಎತ್ತಿದರೆ ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ.

“ಏನ್ರಿ, ಇಲ್ಲಿ ಬರ್ರಿ! ಬಡಿಯೋ ಕೆಲಸಾನ ಇಲ್ಲ. ತಾವ ಬಿಚಗೊಂಡು ಬಿದ್ದಾವ!”

ಇಲ್ಲಿ ಬೇರೆ ಯಾರೇ ಆಗಿದ್ದರೂ ಒಂದು ಗಳಿಗೆ ಯೋಚಿಸುತ್ತಿದ್ದರು. ಪಂಪಣ್ಣನ ಕಣ್ಣಿಗೆ ಆಗಲೇ ಚೀಲ ಕಾಣಿಸುತ್ತಿತ್ತು. “ನೋಡು, ಹೊಲದಾಗ ಸಿಡಿಯಂಗಿಲ್ಲ, ಮನಿಗೆ ಬಂದ ಮ್ಯಾಲ ತಾನಾ ಬಿಚ್ಚತೈತಿ. ಬೀಜಕ್ಕೂ ಬುದ್ಧಿ ಐತಿ” ಎಂದು ಹೆಂಡತಿಗೆ ವಿವರಿಸಿದ. ಬುದ್ಧಿ ಯಾರಿಗಿಲ್ಲ ಎಂದು ಗೊಲ್ಲಾಳಮ್ಮನಿಗೆ ಅನುಮಾನ ಬಂತು, ಆದರೆ ಬಡಿಯುವ ಕೆಲಸ ತಪ್ಪಿದ ಖುಷಿಯಲ್ಲಿ ಬಿಟ್ಟುಬಿಟ್ಟಳು.

ಆ ಕಾಳನ್ನು ಜೂನ್‌ನಲ್ಲಿ ರಸ್ತೆಗೆ ಹತ್ತಿದ ತನ್ನ ಮುಕ್ಕಾಲು ಎಕರೆಗೆ ಬಿತ್ತಿ, ಪಂಪಣ್ಣ ಶಹಾಪುರಕ್ಕೆ ಹೋಗಿ ಐನೂರು ಖಾಲಿ ಚೀಲ ಅಚ್ಚು ಹಾಕಿಸಿ ತಂದ. ಮೇಲೆ ‘ಪಂಪಣ್ಣ ನಂಬರ್ ಒನ್’, ನಡುವೆ ರುಮಾಲು ಸುತ್ತಿದ ಪಂಪಣ್ಣ, ಕೆಳಗೆ ‘ಸಿಡಿಯದ ಸೋಯಾ’. ರುಮಾಲು ಫೋಟೋ ಸ್ಟುಡಿಯೋದವನದು. ಮೊದಲ ಚೀಲವನ್ನು ದೇವರ ಮನೆಯಲ್ಲಿ ಇಟ್ಟು ಊದಿನಕಡ್ಡಿ ಹಚ್ಚಿದ. ಎಷ್ಟು ಹೊತ್ತು ಅದರ ಮುಂದೆ ಕೂತಿದ್ದನೆಂದರೆ ಗೊಲ್ಲಾಳಮ್ಮನಿಗೆ ಪಾಪ ಅನ್ನಿಸಿತು. ಆ ಮುಖದಲ್ಲಿ ಅಂಥ ಸಂತೋಷವನ್ನು ಆಕೆ ಮದುವೆಯ ದಿನವೂ ಕಂಡಿರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಮಳೆ ಹಿಂದೆ ಸರಿದು ಬಿಸಿಲು ಚುರುಕಾಯಿತು. ಸುತ್ತಲಿನವರೆಲ್ಲ ಲಗುಬಗೆಯಿಂದ ಸೋಯಾ ಕೊಯ್ದರು. ಪಂಪಣ್ಣ ಬೇಕೆಂತಲೇ ಕೊಯ್ಯಲಿಲ್ಲ. ಒಣಗಿದ ಮೇಲೂ ನಿಲ್ಲುತ್ತದೆ ಎಂದು ತೋರಿಸಲಿಕ್ಕೇ ಅಲ್ಲವೇ ಇಷ್ಟೆಲ್ಲ? ಹೊಲಕ್ಕೇ ಬಂದು ಕಣ್ಣಾರೆ ನೋಡಿರೆಂದು, ಆಟೋಗೆ ಮೈಕ್ ಕಟ್ಟಿ ಹತ್ತು ಹಳ್ಳಿಗೆ ಸಾರಿಸಿದ. ಯಾದಗಿರಿಯ ದೊಡ್ಡ ಬೀಜದ ವ್ಯಾಪಾರಿ ಚಾಂದಪಾಶಾನಿಗೆ ತಾನೇ ಹೋಗಿ ಹೇಳಿ ಬಂದ. ಐನೂರೂ ಚೀಲಕ್ಕೆ ಅಲ್ಲೇ ಮಾತಾಗುವುದೆಂದು ತೀರ್ಮಾನವಾಯಿತು.

ಆ ದಿನ ಬೆಳಗ್ಗೆ ಒಂಬತ್ತಕ್ಕೆ ಎಂದಿದ್ದ ಕಾರ್ಯಕ್ರಮ ಚಾಂದಪಾಶಾನ ಕಾರು ಬರುವವರೆಗೆ, ಅಂದರೆ ಹನ್ನೆರಡೂವರೆಯವರೆಗೆ ನಿಂತಿತು. ಅಷ್ಟರಲ್ಲಿ ಜನ ಎರಡು ಸುತ್ತು ಶಿರಾ ತಿಂದಿದ್ದರು. ಬಳಿಚಕ್ರದಿಂದ ಬಂದವರು ಮೂರನೆಯ ಸುತ್ತಿಗೆ ಕೈಯೊಡ್ಡಿದ್ದರು. ಕರೆಯದೆಯೂ ಬಂದಿದ್ದ ಕಸ್ತೂರಿ ಮತ್ತು ತಿಮ್ಮವ್ವ ಬದುವಿನ ಮೇಲೆ ನಿಂತಿದ್ದರು. ಅವರನ್ನು ಕಂಡು ಪಂಪಣ್ಣ ಎರಡು ಹೆಜ್ಜೆ ಹಿಂದೆ ಸರಿದ. ನಂಬರಿನ ಚೀಟಿಯೇ ಇಲ್ಲದ ಗಿಡದ ಗುರುತು ಹಿಡಿಯುವವರಾರು ಎಂದು ತಾನೇ ಧೈರ್ಯ ತಂದುಕೊಂಡು ಮೈಕ್ ಹಿಡಿದ.

“ಅಣ್ಣಾವ್ರ, ಅಕ್ಕಾವ್ರ! ಇದು ಹೊರಗಿನವರ ಬೀಜ ಅಲ್ಲ. ನಾ ಹಗಲೂ ರಾತ್ರಿ ಒದ್ದ್ಯಾಡಿ ಹುಟ್ಟಿಸಿದ್ದು. ಎಂಟು ದಿನ ಬಿಡ್ರಿ, ಹದಿನೈದು ದಿನ ಬಿಡ್ರಿ, ಒಂದ ಒಂದು ಕಾಳು ನೆಲಕ್ಕ ಬಿದ್ರ ನನ್ನ ಹೆಸರು ಪಂಪಣ್ಣನ ಅಲ್ಲ!”

ಚಟ್.

ಪಂಪಣ್ಣ ತಡೆದ. ಮೈಕಿನವನು ವೈರು ಅಲುಗಿರಬೇಕೆಂದು ಎದ್ದು ಬಂದು ಗಂಟು ಬಿಗಿ ಮಾಡಿದ.

“ಹಾಂ, ಏನ್ ಹೇಳಾಕತ್ತಿದ್ದೆ, ಒಂದು ಕಾಳೂ...”

ಚಟ್. ಚಟಚಟ್.

“ಏ ತಮ್ಮಾ, ಮೈಕ್ ಸರಿ ಮಾಡೋ!”

“ಮೈಕ್ ಬಂದ್ ಮಾಡೀನ್ರಿ ಸಾವ್ಕಾರ್ರ” ಎಂದ ಅವನು.

ಅಷ್ಟರಲ್ಲಿ ಒಂದು ಕಾಳು ಹಾರಿ ಬಂದು ಚಾಂದಪಾಶಾನ ಚಹಾದ ಕಪ್ಪಿಗೆ ಬಿತ್ತು. ಚಾಂದಪಾಶಾ ದೊಡ್ಡ ಮನುಷ್ಯ. ಬೆರಳಿಂದ ಕಾಳನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. ಎರಡನೆಯದು ಗಡ್ಡಕ್ಕೆ ಬಿತ್ತು. ಆಮೇಲೆ ಗಾಳಿಯೂ ಒಂದು ಸುತ್ತು ಬೀಸಿತು, ಮುಕ್ಕಾಲು ಎಕರೆಯೂ ಒಟ್ಟಿಗೆ ಬಾಯಿ ಬಿಟ್ಟಿತು. ಹುರಿಯುವ ಬಾಣಲೆಗೆ ಜೋಳ ಸುರಿದಂತೆ ಸಪ್ಪಳ. ಮಕ್ಕಳು ಕೇಕೆ ಹಾಕಿ ಕಾಳು ಹಿಡಿಯಲು ಓಡಿದರು. ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಬಳಿಚಕ್ರದವರು ಶಿರಾ ಬಾಯಲ್ಲಿಟ್ಟುಕೊಂಡೇ ನಕ್ಕರು, ಕೊನೆಗೆ ಇಡೀ ಹೊಲ ನಕ್ಕಿತು.

ಚಾಂದಪಾಶಾ ಎದ್ದು ಪಂಪಣ್ಣನ ಹೆಗಲ ಮೇಲೆ ಕೈ ಇಟ್ಟ. “ಪಂಪಣ್ಣಾ, ಮಾಲು ಬಾಳ ಜಲ್ದಿ ಹೋಗಾಕತ್ತೈತಿ. ನನಗ ಏನೂ ಉಳ್ಯಂಗಿಲ್ಲ ಬಿಡು” ಎಂದು ಕಾರು ಹತ್ತಿದ.

ಕಸ್ತೂರಿ ನಗಲಿಲ್ಲ. ಬದುವಿನಿಂದ ಇಳಿದು, ಅಂಚಿನ ಗಿಡದಲ್ಲಿ ಇನ್ನೂ ಉಳಿದಿದ್ದ ಒಂದು ಹಸಿರೆಲೆಗೆ ಕಿಸೆಯಲ್ಲಿದ್ದ ತೂತು ಹೊಡೆಯುವ ಪಂಚ್ ಒತ್ತಿ, ಚೂರನ್ನು ಸಣ್ಣ ಶೀಶೆಗೆ ಹಾಕಿಕೊಂಡು ಹೋದಳು.

ಪಂಪಣ್ಣ ಮೂರು ದಿನ ಅಂಗಡಿ ತೆಗೆಯಲಿಲ್ಲ. ನಾಲ್ಕನೆಯ ದಿನ ತೆಗೆದರೆ ದಾರಿಯಲ್ಲಿ ಹೋಗುವವರು “ಚಟ್” ಎಂದು ನಾಲಿಗೆ ಬಡಿದು ಹೋಗುತ್ತಿದ್ದರು. ಔಷಧಿ ಕೇಳಲು ಬಂದವರೂ ಔಷಧಿಗಿಂತ ಮೊದಲು ತುಟಿ ಕಚ್ಚಿ ನಗು ತಡೆಯುತ್ತಿದ್ದರು. ದೇವರ ಮನೆಯ ಚೀಲವನ್ನು ಅವನೇ ತೆಗೆದು ಮಡಚಿಟ್ಟ. ಉಳಿದ ಚೀಲಗಳಲ್ಲಿ ಗೊಲ್ಲಾಳಮ್ಮ ಉಳ್ಳಾಗಡ್ಡಿ ತುಂಬಿದಳು. ಮೂಲೆಯಲ್ಲಿ ಸಾಲಾಗಿ ಕೂತ ರುಮಾಲಿನ ಪಂಪಣ್ಣಗಳನ್ನು ಕಂಡಾಗೆಲ್ಲ ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬರುತ್ತಿತ್ತು, ಆ ತಪ್ಪನ್ನು ಅವನು ಉಳ್ಳಾಗಡ್ಡಿಯ ಘಾಟಿನ ಮೇಲೆ ಹಾಕುತ್ತಿದ್ದ.

ಹದಿನೈದು ದಿನ ಕಳೆದ ಮೇಲೆ ಕಸ್ತೂರಿ ತಿಮ್ಮವ್ವನನ್ನು ಹಿಂದೆ ಕೂರಿಸಿಕೊಂಡು ಮನೆಗೇ ಬಂದಳು. ಕೈಯಲ್ಲಿ ಒಂದು ಹಾಳೆ. ಪಂಪಣ್ಣನಿಗೆ ಪೊಲೀಸರೇ ಬಂದಂತಾಯಿತು.

“ಲ್ಯಾಬಿನ ರಿಪೋರ್ಟ್ ಬಂದೈತ್ರಿ. ನಿಮ್ಮ ನಂಬರ್ ಒನ್ ನಮ್ಮ ಬಡಗಣ ಮೂಲಿದು. ಹೋದ ವರ್ಷದ್ದು.”

“ಎಲಿ ನೋಡಿ ಹೊಲಾನೂ ಹೇಳ್ತಾರೇನ್ರಿ?” ಪಂಪಣ್ಣನ ದನಿ ಬಾವಿಯ ಆಳದಿಂದ ಬಂತು.

“ತಂದಿ-ತಾಯಿ ಯಾರು ಅಂತನೂ ಹೇಳ್ತಾರ.”

ಪಂಪಣ್ಣ ಕುರ್ಚಿಯಲ್ಲಿ ಕುಸಿದ. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಆದರೂ ಒಂದು ಮಾತು ಕೇಳದೆ ಇರಲಾಗಲಿಲ್ಲ. “ಆತು, ತಂದೀನಿ. ತಪ್ಪು ನಂದ ಐತಿ. ಆದ್ರ ಮೇಡಂ, ಗುರುತು ಇದ್ದ ಗಿಡ ಹಿಂಗ್ಯಾಕ ಸಿಡದ್ವು? ಅವಕ್ಕ ಹುಣ್ಣಿಮಿ ದಾರ ಕಟ್ಟಿತ್ತಲ್ಲ!”

ಕಸ್ತೂರಿ ತಿಮ್ಮವ್ವನ ಮುಖ ನೋಡಿದಳು. ತಿಮ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

“ರಿಪೋರ್ಟ್ ಆ ವರ್ಷ ತಡಾ ಬಂತ್ರಿ” ಎಂದಳು ಕಸ್ತೂರಿ. “ಗುರುತು ಇಲ್ಲದ್ದು ಕೀಳ್ರಿ ಅಂದೆ. ಇವರು ಬಸುರಿ ಗಿಡ ಹುಣ್ಣಿಮಿ ಮುಂದ ಕೀಳಂಗಿಲ್ಲ ಅಂತ ಕೂತ್ರು. ಆತು, ಹುಣ್ಣಿಮಿ ಮರುದಿನ ಕೀಳ್ರಿ, ಪೂಜಾ ಏನ್ ಮಾಡ್ತೀರಿ ಅವಕ್ಕ ಮಾಡ್ರಿ, ಗುರುತು ಇದ್ದ ಗಿಡಕ್ಕ ಕೈ ಹಚ್ಚಬ್ಯಾಡ್ರಿ ಅಂತ ಹೇಳಿದ್ದೆ.”

“ನಾಳಿ ಸಾಯೋವು, ಇವತ್ತರ ಉಡಿ ತುಂಬಿಸಿಕೊಳ್ಳಲಿ ಅಂತ ಕಟ್ಟಿದ್ವಿರಿ ಸಾವ್ಕಾರ್ರ” ಎಂದಳು ತಿಮ್ಮವ್ವ. “ಚರಗ ಚೆಲ್ಲಾಕ ಬಂದವರ ಬುಟ್ಟಿ ಖಾಲಿ ಹೋಗತೈತಿ. ನಿಮ್ಮದು ತುಂಬಿ ಹೊಂಟಿದ್ದು ಬೇವಿನ ಗಿಡದ ಕೆಳಗಿಂದ ಕಂಡೆ. ಹೆಂಗೂ ದನಕ್ಕ ಹಾಕೋ ಮಾಲು, ದನ ತಿಂದ್ರೇನು, ನೀವು ಒಯ್ದ್ರೇನು ಅಂತ ಸುಮ್ಮಾದೆ.”

ಅಡುಗೆ ಮನೆಯಿಂದ ಗೊಲ್ಲಾಳಮ್ಮ ನಕ್ಕದ್ದು ಬೀದಿಗೆ ಕೇಳಿಸಿತು. ಪಂಪಣ್ಣ ಅಷ್ಟು ದೊಡ್ಡ ಮೈಯನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯದೆ, ಬೇಡಿ ಹಾಕಿ ಎಂಬಂತೆ ಕೈ ಮುಂದೆ ಚಾಚಿದ. “ಕೇಸ್ ಹಾಕ್ತೀರೇನ್ರಿ?”

“ಬೀಜ ಕೇಳಾಕ ಬಂದೀನ್ರಿ” ಎಂದಳು ಕಸ್ತೂರಿ.

ಪಂಪಣ್ಣನಿಗೆ ಅರ್ಥವಾಗಲಿಲ್ಲ. ಆಕೆ ಬಿಡಿಸಿ ಹೇಳಿದಳು. ಸಿಡಿಯದ ತಳಿ ಸಿಡಿಯುವುದಿಲ್ಲ ಎಂದು ತೋರಿಸಬೇಕಾದರೆ ಪಕ್ಕದಲ್ಲಿ ತಪ್ಪದೆ ಸಿಡಿಯುವ ತಳಿಯೊಂದು ಇರಬೇಕು. ಅದೂ ಅದೇ ತಾಯಿಯ ಮಕ್ಕಳಾದರೆ ಇನ್ನೂ ಒಳ್ಳೆಯದು, ಆಗ ವ್ಯತ್ಯಾಸ ಆ ಗುರುತಿನದೇ ಎಂದು ಕುರುಡನಿಗೂ ತಿಳಿಯುತ್ತದೆ. ಆದರೆ ಹುಣ್ಣಿಮೆಯ ಮರುದಿನ ಎಲ್ಲವನ್ನೂ ಕಿತ್ತು ದನಕ್ಕೆ ಹಾಕಿದ್ದರು. ಈಗ ಕಂಪನಿಯ ಸಾಹೇಬರು ಕೇಳುತ್ತಿದ್ದಾರೆ, ಕೊಡಲು ಒಂದು ಕಾಳೂ ಇಲ್ಲ. ಉಳಿದಿದ್ದರೆ ಕಳ್ಳನ ಹತ್ತಿರ ಮಾತ್ರ.

“ಎಲ್ಲಾ ನೆಲಕ್ಕ ಹೋತಲ್ರಿ” ಎಂದ ಪಂಪಣ್ಣ.

“ಎಲ್ಲಿ ಹೋತು?” ಗೊಲ್ಲಾಳಮ್ಮ ಒಂದು ಡಬ್ಬಿ ತಂದು ನಡುವೆ ಇಟ್ಟಳು. “ನೀವು ಮುಸುಕು ಹೊದ್ದು ಮಲಗಿದಾಗ ನಾ ಕಸಬರಿಗಿ ಒಯ್ದು ಗುಡಿಸಿ ತಂದೀನಿ. ಬಡಿಯೋ ಕೆಲಸ ಇಲ್ಲದ ಬೀಜ, ಬಿಡಾಕ ಆಗತೈತೇನು?”

ಕಸ್ತೂರಿ ಫಾರಂ ತೆಗೆದಳು. ತಳಿಯ ಹೆಸರು ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದಳು. ಪಂಪಣ್ಣನ ಕಿವಿ ನೆಟ್ಟಗಾಯಿತು. ಬೀಜ ಕೊಟ್ಟವರ ಹೆಸರನ್ನೇ ಇಡಬಹುದು, ಆದರೆ ಕೆಳಗೆ ‘ಬೀಜ ಎಲ್ಲಿಂದ ಬಂತು’ ಎನ್ನುವ ಸಾಲನ್ನು ಅವರೇ ಕೈಯಾರೆ ತುಂಬಬೇಕು, ಖರೇ ಬರೆಯಬೇಕು ಎಂದಳು. ಪಂಪಣ್ಣ ಪೆನ್ನು ಹಿಡಿದು ಬೆವರಿದ. ಒಂದು ಕಡೆ ಹೆಸರು, ಒಂದು ಕಡೆ ಮಾನ. ಎರಡನ್ನೂ ನೋಡಿದ, ಮೂಲೆಯ ಉಳ್ಳಾಗಡ್ಡಿ ಚೀಲಗಳನ್ನು ನೋಡಿದ, ನಿಟ್ಟುಸಿರು ಬಿಟ್ಟು ಬರೆದ: ‘ಶೀಗಿ ಹುಣ್ಣಿಮೆಯ ದಿನ ತಿಮ್ಮವ್ವ ದಾರ ಕಟ್ಟಿದ ಐದು ಗಿಡದಿಂದ ಹೇಳದೆ ತಂದದ್ದು.’

ಮರುವರ್ಷ ಕಂಪನಿಯ ಹೊಲದಲ್ಲಿ ಹತ್ತು ಸಾಲಿಗೆ ಒಂದು ಸಾಲಿನಂತೆ ಅದನ್ನು ಬಿತ್ತಿದರು. ಸಾಲಿಗೊಂದು ಬೋರ್ಡು. ಬೇರೆ ತಳಿಗಳಿಗೆಲ್ಲ ಬರೀ ನಂಬರು, ಹೆಸರಿದ್ದದ್ದು ಒಂದಕ್ಕೇ. ಸುರಪುರದ ಬಸ್ಸಿನಲ್ಲಿ ಕೂತವರಿಗೂ ಕಾಣುವಂತೆ ಇಪ್ಪತ್ನಾಲ್ಕು ಕಡೆ ‘ಪಂಪಣ್ಣ’ ಎಂದು ಬರೆದಿತ್ತು. ಮೊದಲ ವಾರ ಪಂಪಣ್ಣ ಆ ದಾರಿ ತುಳಿಯಲಿಲ್ಲ. ಎರಡನೆಯ ವಾರ ಸುರಪುರದಲ್ಲಿ ಕೆಲಸವಿದೆ ಎಂದು ಹೋಗಿ ಬಂದ. ಮೂರನೆಯ ವಾರ ನಾಲ್ಕು ಸಲ ಕೆಲಸ ಬಂತು.

ಶೀಗಿ ಹುಣ್ಣಿಮೆಗೆ ಗಂಡ-ಹೆಂಡತಿ ಇಬ್ಬರೂ ಬುಟ್ಟಿ ಹಿಡಿದು ಹೋದರು. ತಿಮ್ಮವ್ವ ಈ ಸಲವೂ ದಾರ ಕಟ್ಟಿದ್ದಳು, ಪಂಪಣ್ಣನ ಸಾಲಿಗೇ. ಚರಗ ಚೆಲ್ಲಿ, ಬುಟ್ಟಿ ಖಾಲಿ ಮಾಡಿ, ಅವನು ಬೋರ್ಡಿನ ಮುಂದೆ ಎದೆಯುಬ್ಬಿಸಿ ನಿಂತ. ಬಿಸಿಲಿಗೆ ಒಂದು ಕಾಯಿ ಚಟ್ಟೆಂದು ಸಿಡಿದು ಕಾಳು ಕೆನ್ನೆಗೆ ಬಡಿಯಿತು.

“ನೋಡಿದೇನ? ಪಕ್ಕದ ಸಾಲು ಒಂದೂ ಸಿಡದಿಲ್ಲ. ಸಿಡಿಯೋದ್ರಾಗ ನಮ್ಮನ್ನ ಮೀರಸೋರಿಲ್ಲ” ಎಂದು ಹೆಂಡತಿಗೆ ಹೇಳುತ್ತ, ಬಗ್ಗಿ ಆ ಕಾಳನ್ನು ಹೆಕ್ಕಿದ. ಹೆಕ್ಕಿದ ಕೈ ಅಭ್ಯಾಸಬಲದಿಂದ ಬುಟ್ಟಿಯ ಕಡೆಗೆ ಹೊರಟಿತು.

ಬೇವಿನ ಮರದ ಕೆಳಗೆ ತಿಮ್ಮವ್ವ ಕೆಮ್ಮಿದಳು.

ಪಂಪಣ್ಣ ಕಾಳನ್ನು ಮೆಲ್ಲಗೆ ತನ್ನ ಹೆಸರಿನ ಸಾಲಿಗೇ ಹಾಕಿ, ಖಾಲಿ ಬುಟ್ಟಿಯನ್ನು ಮಗುಚಿ ಆಕೆಗೆ ತೋರಿಸಿದ.